ಅಡಿಕೆಯ ರಾಶಿಯೂ ನೆತ್ತರಿನ ಕೋಶವೂ

ಕೇಳುಗರಿಗೆ ನಮಸ್ಕಾರ.

ಬದಿಯಡ್ಕ, ಪೆರ್ಲದ ಕಡೆಯ ಮನೆಗಳಲ್ಲಿ ಅಡಿಕೆ ಸುಲಿದ ಮೇಲೆ ವಿಂಗಡಿಸಲು ಕೂರುವವರನ್ನು ನೀವು ಕಂಡಿರುತ್ತೀರಿ. ನನ್ನ ದೊಡ್ಡಮ್ಮ ಊರಿನ ಸುದ್ದಿ ಹೇಳುತ್ತಲೇ ಪಟೋರವನ್ನು ಈಚೆಗೆ, ಕರಿಗೋಟನ್ನು ಆಚೆಗೆ ಎಸೆಯುತ್ತಾರೆ. ಕೈ ತಪ್ಪುವುದಿಲ್ಲ, ಸುದ್ದಿಯೂ ನಿಲ್ಲುವುದಿಲ್ಲ.

ತಲಪಾಡಿ ದಾಟಿ ಮಂಗಳೂರಿನ ಪ್ರಯೋಗಾಲಯಕ್ಕೆ ಹೋಗುವ ನನ್ನದೂ ವಿಂಗಡಿಸುವ ಕೆಲಸವೇ. ಆದರೆ ನನ್ನ ಸರಕು ಕಣ್ಣಿಗೆ ಗುಟ್ಟು ಬಿಟ್ಟುಕೊಡುವುದಿಲ್ಲ. ರೋಗದ ವಿರುದ್ಧ ಕಾದಾಡುವ ಎರಡು ಬಗೆಯ ಬಿಳಿ ರಕ್ತಕಣಗಳಾದ ಟಿ ಕೋಶ, ಬಿ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಎಷ್ಟು ನೋಡಿದರೂ ಅದೇ ದುಂಡು ನ್ಯೂಕ್ಲಿಯಸ್, ಸುತ್ತ ಅದೇ ತೆಳ್ಳನೆಯ ಅಂಚು. ವ್ಯತ್ಯಾಸ ಇರುವುದು ಮೈಮೇಲಿನ ಪ್ರೋಟೀನುಗಳಲ್ಲಿ: ಟಿ ಕೋಶಕ್ಕೆ ಸಿಡಿ3, ಬಿ ಕೋಶಕ್ಕೆ ಸಿಡಿ19.

ಅವನ್ನು ಹುಡುಕಿಕೊಡುವುದು ಪ್ರತಿಕಾಯ. ಅದು ತನಗೆ ಹೊಂದುವ ಪ್ರೋಟೀನಿಗೆ ಹೋಗಿ ಅಂಟುತ್ತದೆ. ಅದರ ಬೆನ್ನಿಗೆ ಹೊಳೆಯುವ ಬಣ್ಣ ಕಟ್ಟಬಹುದೆಂದು ಆಲ್ಬರ್ಟ್ ಕೂನ್ಸ್ ಮತ್ತು ಸಂಗಡಿಗರು 1941ರಲ್ಲಿ ತೋರಿಸಿದರು. ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ದಾರಿ ಕೋಲರ್ ಮತ್ತು ಮಿಲ್‌ಸ್ಟೈನ್ ಅವರಿಂದ 1975ರಲ್ಲಿ ಸಿಕ್ಕಿತು.

ಬಣ್ಣ ಹತ್ತಿದ ಕೋಶಗಳು ಫ್ಲೋ ಸೈಟೋಮೀಟರ್ ಎಂಬ ಯಂತ್ರದಲ್ಲಿ ನೀರಿನ ಎಳೆಯೊಳಗೆ ಒಂದರ ಹಿಂದೊಂದು ಸಾಗುತ್ತವೆ. 488 ನ್ಯಾನೋಮೀಟರಿನ ನೀಲಿ ಲೇಸರ್ ತಗಲಿದಾಗ ಎಫ್‌ಐಟಿಸಿ ಎಂಬ ಬಣ್ಣ ಹಸಿರಾಗಿ, ಪಿಇ ಎಂಬುದು ಕಿತ್ತಳೆಯಾಗಿ ಬೆಳಗುತ್ತದೆ. ಈ ಪಿಇ ಕೆಂಪು ಕಡಲಪಾಚಿಯಿಂದ ತೆಗೆದ ಪ್ರೋಟೀನು. ಕಡಲ ಕರೆಯ ನಮಗೆ ಅದೊಂದು ಹೆಮ್ಮೆಯೆಂದೇ ಇಟ್ಟುಕೊಳ್ಳೋಣ. ಸೆಕೆಂಡಿಗೆ ಸಾವಿರಾರು ಕೋಶಗಳನ್ನು ಯಂತ್ರ ನೋಡುತ್ತದೆ ಎಂದಾಗ ದೊಡ್ಡಮ್ಮ ಕೇಳಿದ್ದು ಒಂದೇ ಮಾತು: "ಅದಕ್ಕೆ ಸುಲಿಯಲೂ ಬರುತ್ತದೆಯೋ?"

ಒಂದೇ ಗುರುತನ್ನು ನಂಬಿದರೆ ಮೋಸ ಹೋಗುತ್ತೇವೆ. ಎಚ್‌ಐವಿ ಇರುವವರಲ್ಲಿ ಸಿಡಿ4 ಎಂಬ ಪ್ರೋಟೀನು ಹೊತ್ತ ಟಿ ಕೋಶಗಳನ್ನು ಎಣಿಸುತ್ತಾರೆ. ಮೈಕ್ರೋಲೀಟರಿಗೆ 200ಕ್ಕಿಂತ ಕೆಳಗಿಳಿದರೆ ರೋಗನಿರೋಧಕ ಶಕ್ತಿ ತೀರಾ ಕುಸಿದಿದೆ ಎಂದರ್ಥ. ಆದರೆ ಮಾನೊಸೈಟುಗಳೆಂಬ ಬೇರೆ ಬಿಳಿ ರಕ್ತಕಣಗಳ ಮೈಮೇಲೂ ತುಸು ಸಿಡಿ4 ಇರುತ್ತದೆ. ಹಾಗಾಗಿ ಸಿಡಿ3 ಮತ್ತು ಸಿಡಿ4 ಎರಡೂ ಇರುವ ಕೋಶವೇ ಲೆಕ್ಕಕ್ಕೆ.

ಬಣ್ಣವೂ ಸುಳ್ಳು ಹೇಳಬಲ್ಲದು. ಪಿಇಗೆ ಸೈ7 ಎಂಬ ಇನ್ನೊಂದು ಬಣ್ಣವನ್ನು ಜೋಡಿಸಿದ ಪ್ರತಿಕಾಯದ ಬಾಟಲಿಗಳಿವೆ. ಪಿಇ ಹೀರಿದ ಬೆಳಕನ್ನು ಸೈ7ಗೆ ದಾಟಿಸುತ್ತದೆ, ಬೆಳಗುವುದು ಸೈ7. ಹೊಸದರಲ್ಲಿ, ಟಿ ಕೋಶಗಳ ಇನ್ನೊಂದು ಗುರುತಾದ ಸಿಡಿ8ಕ್ಕೆ ಅಂಟುವ ಅಂಥ ಬಾಟಲಿಯನ್ನು ನಾನು ಕಿಟಕಿಯ ಬಳಿ ಮರೆತೆ. ಅಡಿಕೆ ಒಣಗಲು 40 ಬಿಸಿಲು ಬೇಕು, ಇದನ್ನು ಕೆಡಿಸಲು ಒಂದು ಮಧ್ಯಾಹ್ನ ಸಾಕಾಯಿತು. ಸೈ7 ಹಾಳಾಯಿತು, ಪಿಇ ತನ್ನ ಪಾಡಿಗೆ ಕಿತ್ತಳೆಯಾಗಿ ಬೆಳಗಿತು. ಆ ದಿನ ಕಿತ್ತಳೆಯನ್ನು ನಾವು ಸಿಡಿ19ಕ್ಕೆಂದು ಇಟ್ಟಿದ್ದೆವು. ಪರದೆಯ ಮೇಲೆ ಟಿಯೂ ಹೌದು, ಬಿಯೂ ಹೌದು ಎನ್ನುವ ಕೋಶಗಳ ಹಿಂಡೇ ಮೂಡಿತು. ಹೊಸದೇನೋ ಸಿಕ್ಕಿತೆಂದು ನಾನು ಒಳಗೊಳಗೇ ಹಿಗ್ಗಿದ್ದೆ.

ಮರುದಿನ ಹೊಸ ಬಾಟಲಿಯಿಂದ ಬಣ್ಣ ಹಾಕಿ ಅದೇ ರಕ್ತವನ್ನು ಓಡಿಸಿದೆವು. ಹಿಂಡು ಇರಲಿಲ್ಲ.

ನಮಸ್ಕಾರ.