ಮನೆಗೆ ಬರುವ ನೆಟ್, ಅದು ಬರುವ ದಾರಿ

ಕೇಳುಗರಿಗೆ ನಮಸ್ಕಾರ.

ಗಂಗಾವತಿ, ಕಾರಟಗಿ, ಸಿಂಧನೂರು ಸುತ್ತಲಿನ ಊರುಗಳಲ್ಲಿ ಮನೆಗೆ ಇಂಟರ್ನೆಟ್ ಹಾಕಿಸಬೇಕೆಂದಾಗ ಜನ ವಿಚಾರಿಸುವುದು ಹೆಚ್ಚಾಗಿ ಕೇಬಲ್‌ನವರನ್ನು. ಟಿವಿಗೆ ಕೇಬಲ್ ಕೊಟ್ಟವರೇ ಇಂದು ಅದೇ ಓಣಿಗಳಲ್ಲಿ ಫೈಬರ್ ಎಳೆದು ನೆಟ್ ಕೊಡುತ್ತಿದ್ದಾರೆ. ಆಗ ನಾವು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಎರಡೇ: ಸ್ಪೀಡ್ ಎಷ್ಟು, ತಿಂಗಳಿಗೆ ದುಡ್ಡೆಷ್ಟು. ಇವೆರಡಕ್ಕಿಂತ ಮೊದಲು ಕೇಳಬೇಕಾದದ್ದು ಆ ನೆಟ್ ಯಾವ ದಾರಿಯಲ್ಲಿ ನಮ್ಮ ಮನೆಗೆ ಬರುತ್ತದೆ ಎಂಬುದನ್ನು. ಇಂದಿನ ನನ್ನ ಮಾತೆಲ್ಲ ಆ ದಾರಿಯ ಕುರಿತು.

ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಸೇವೆ ತೆರೆದುಕೊಂಡದ್ದು 1995ರ ಆಗಸ್ಟ್ 15ರಂದು, ವಿದೇಶ್ ಸಂಚಾರ್ ನಿಗಮದ ಮೂಲಕ. ಖಾಸಗಿಯವರಿಗೆ ಅವಕಾಶ ಸಿಕ್ಕಿದ್ದು 1998ರಲ್ಲಿ. ಇಡೀ ದೇಶಕ್ಕೆ 'ಎ', ಕರ್ನಾಟಕದಂಥ ಒಂದು ಟೆಲಿಕಾಂ ವೃತ್ತಕ್ಕೆ 'ಬಿ', ಅದಕ್ಕಿಂತ ಚಿಕ್ಕ ಪ್ರದೇಶಕ್ಕೆ 'ಸಿ' ಎಂಬ ಪರವಾನಗಿ ವರ್ಗಗಳು ಇದ್ದುದರಿಂದಲೇ ಸಣ್ಣವರೂ ಈ ವ್ಯವಹಾರಕ್ಕೆ ಇಳಿಯಲು ಸಾಧ್ಯವಾಯಿತು. ಕೆಲವರು ಸ್ವಂತ ಪರವಾನಗಿ ಪಡೆದವರು, ಇನ್ನು ಕೆಲವರು ದೊಡ್ಡ ಕಂಪನಿಯ ಫ್ರಾಂಚೈಸಿ. ನಿಮ್ಮ ಊರಿನವರು ಯಾವ ಬಗೆಯವರು ಎಂಬುದನ್ನು ಬಿಲ್ಲಿನ ಮೇಲಿನ ಹೆಸರು ನೋಡಿ ತಿಳಿಯಬಹುದು.

ಈಗ ದಾರಿಗೆ ಬರೋಣ. ಸೇವಾದಾರರ ಕಂಟ್ರೋಲ್ ರೂಮಿನಲ್ಲಿರುವ ಓಎಲ್‌ಟಿ ಎಂಬ ಯಂತ್ರದಿಂದ ಹೊರಟ ಒಂದೇ ಒಂದು ಗಾಜಿನ ಎಳೆ, ಅಂದರೆ ಫೈಬರ್, ಕಂಬದ ಮೇಲಿನ ಪೆಟ್ಟಿಗೆಯಲ್ಲಿ ಸ್ಪ್ಲಿಟರ್ ಮೂಲಕ ಕವಲೊಡೆದು 32 ಅಥವಾ 64 ಮನೆಗಳನ್ನು ಮುಟ್ಟುತ್ತದೆ. ಜಿಪಾನ್ ಎನ್ನುವ ಈ ವ್ಯವಸ್ಥೆಯಲ್ಲಿ ಆ ಎಳೆ ಬೆಳಕಿನ ರೂಪದಲ್ಲಿ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್ ಮಾಹಿತಿ ಹೊತ್ತು ತರಬಲ್ಲದಾದ್ದರಿಂದ ಓಣಿಯಲ್ಲಿ ಇಕ್ಕಟ್ಟಾಗುವುದು ಅಪರೂಪ. ಇಕ್ಕಟ್ಟಾಗುವುದು ಅದಕ್ಕೂ ಮೇಲೆ, ಸೇವಾದಾರರು ದೊಡ್ಡ ಕಂಪನಿಯಿಂದ ಸಗಟಾಗಿ ಕೊಳ್ಳುವ ಬ್ಯಾಂಡ್‌ವಿಡ್ತ್‌ನಲ್ಲಿ, ಅಂದರೆ ಒಮ್ಮೆಗೆ ಹರಿಯಬಲ್ಲ ಮಾಹಿತಿಯ ಪ್ರಮಾಣದಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆಗೆ ಮೇಲೆಯೇ ನೀರು ಕಡಿಮೆ ಬಿಟ್ಟರೆ, ಕೊನೆಭಾಗದ ರೈತ ತನ್ನ ಹೊಲಗಾಲುವೆಯನ್ನು ಎಷ್ಟು ಅಗಲ ಮಾಡಿದರೂ ಗದ್ದೆ ತೊಯ್ಯುವುದಿಲ್ಲ ಎಂಬುದನ್ನು ಈ ಭಾಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಇದೂ ಹಾಗೆಯೇ. ಆದ್ದರಿಂದ ನೆರೆಮನೆಯ ಸಂಪರ್ಕವನ್ನು ಮಧ್ಯಾಹ್ನ ನೋಡಿ ಒಪ್ಪಿಕೊಳ್ಳಬೇಡಿ. ಊರವರೆಲ್ಲ ಊಟ ಮುಗಿಸಿ ಮೊಬೈಲು ಹಿಡಿದಿರುವ ರಾತ್ರಿ ಒಂಬತ್ತರ ಹೊತ್ತಿಗೆ ಹೋಗಿ ನೋಡಿ. ಮೇಲಿನಿಂದ ಬರುವ ಲೈನು ಎರಡು ದಿಕ್ಕಿನಿಂದ ಇದೆಯೇ ಎಂದೂ ಕೇಳಿ. ಗಂಗಾವತಿಯ ಸೇವಾದಾರರಿಗೆ ಒಂದು ಲೈನು ಹೊಸಪೇಟೆ ಕಡೆಯಿಂದಲೂ ಇನ್ನೊಂದು ಸಿಂಧನೂರು ಕಡೆಯಿಂದಲೂ ಬರುವಂತಿದ್ದರೆ, ಒಂದು ಕಡೆ ಜೆಸಿಬಿ ಕೇಬಲ್ ಕಡಿದರೂ ಊರಿಗೆ ಊರೇ ನೆಟ್ ಇಲ್ಲದೆ ಕೂರಬೇಕಾಗುವುದಿಲ್ಲ. ಅಗೆಯುವ ಮೊದಲು ಕೇಬಲ್ ಮಾಲೀಕರಿಗೆ ತಿಳಿಸಲೆಂದೇ ಕೇಂದ್ರ ಸರ್ಕಾರ 2023ರಲ್ಲಿ ಒಂದು ಆ್ಯಪ್ ತಂದಿದೆ. ನಲ್ಲಿ, ಚರಂಡಿ ಕೆಲಸದ ಗುತ್ತಿಗೆದಾರರು ಅದನ್ನು ಬಳಸಲೇಬೇಕೆಂದು ನಗರಸಭೆ, ಪಂಚಾಯತಿಗಳು ಪಟ್ಟು ಹಿಡಿಯಬೇಕು.

ಓಣಿಯ ಕೇಬಲ್ಲಿಗೆ ಬೇರೆಯದೇ ಅಪಾಯವಿದೆ. ಭತ್ತದ ಕೊಯ್ಲಿನ ನಂತರ ಹುಲ್ಲನ್ನು ಎತ್ತರಕ್ಕೆ ಹೇರಿಕೊಂಡು ಬರುವ ಟ್ರ್ಯಾಕ್ಟರ್‌ಗೆ ಜೋತುಬಿದ್ದ ಕೇಬಲ್ ಸಿಕ್ಕಿದರೆ ಮುಗಿಯಿತು. ನಿಮ್ಮ ಮನೆಯ ಕೇಬಲ್ ರಸ್ತೆ ದಾಟುವ ಕಡೆ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಹಾಕಿಸುವ ದಿನವೇ ನಿಂತು ನೋಡಿ. ಜೆಸ್ಕಾಂ ಕಂಬಕ್ಕೆ ಕಟ್ಟಿದ್ದರೆ ಅನುಮತಿ ಇದೆಯೇ ಎಂದು ಕೇಳಿ. ಅನುಮತಿ ಇಲ್ಲದ ಕೇಬಲ್ಲನ್ನು ಲೈನ್‌ಮನ್ ಕತ್ತರಿಸಿದರೆ ಅವರನ್ನು ದೂರುವಂತಿಲ್ಲ.

ಸಂಪರ್ಕ ಹಾಕಲು ಅಂದು ಬರುವ ಹುಡುಗನ ಕೆಲಸವನ್ನೂ ಹತ್ತಿರದಿಂದ ಗಮನಿಸಿ. ಅವನು ಹೊರಗಿನ ಕವಚ ಸುಲಿದು, ಕೂದಲೆಳೆಯಷ್ಟು ಸಣ್ಣದಾದ ಗಾಜಿನ ಎಳೆಯನ್ನು ಒರೆಸಿ, ತುದಿಯನ್ನು ನೇರವಾಗಿ ಕತ್ತರಿಸಿ, ಸ್ಪ್ಲೈಸಿಂಗ್ ಮಶೀನಿನಲ್ಲಿಟ್ಟು ಬೆಸೆಯುತ್ತಾನೆ. ಬಳಿಕ ಪವರ್ ಮೀಟರ್ ಹಚ್ಚಿ ಬೆಳಕಿನ ಬಲ ಅಳೆಯುತ್ತಾನೆ. ಮೀಟರಿನಲ್ಲಿ ಮೈನಸ್ 20ರ ಆಸುಪಾಸು ಬಂದರೆ ಚೆನ್ನ. ಮೈನಸ್ 27ಕ್ಕಿಂತ ಕೆಳಗಿಳಿದರೆ ಬೆಳಕು ಸಾಲದೆ ಸಂಪರ್ಕ ಆಗಾಗ ಕಡಿಯುತ್ತದೆ. ಆ ಸಂಖ್ಯೆಯನ್ನು ಕೇಳಿ ಬರೆದಿಟ್ಟುಕೊಳ್ಳಿ. ಮುಂದೆ ತೊಂದರೆ ಬಂದಾಗ ಮತ್ತೆ ಅಳೆಸಿದರೆ, ಕೆಟ್ಟದ್ದು ಲೈನೋ, ಆ ಲೈನು ಬಂದು ಸೇರುವ ಮನೆಯ ಬಾಕ್ಸೋ ಎಂಬ ವಾದವೇ ಏಳುವುದಿಲ್ಲ. ಬಾಕ್ಸಿನಲ್ಲಿ ಎಲ್‌ಓಎಸ್ ಎಂಬ ಕೆಂಪು ದೀಪ ಹತ್ತಿದರೆ ಬೆಳಕೇ ಬರುತ್ತಿಲ್ಲವೆಂದು ತಿಳಿದು ಕೂಡಲೇ ಫೋನ್ ಮಾಡಿ.

ಕರೆಂಟಿನ ಮಾತು. ಕಂಬದ ಮೇಲಿನ ಸ್ಪ್ಲಿಟರಿಗೆ ವಿದ್ಯುತ್ ಬೇಕಿಲ್ಲ. ಬೇಕಾದದ್ದು ಎರಡು ತುದಿಗಳಲ್ಲಿ ಮಾತ್ರ. ಕಂಟ್ರೋಲ್ ರೂಮಿನ ಬ್ಯಾಟರಿ ಎಷ್ಟು ಗಂಟೆ ತಡೆಯುತ್ತದೆ ಎಂದು ಕೇಳಿ. ಮನೆಯಲ್ಲಿ ರೂಟರಿಗೆಂದೇ ಸಿಗುವ 12 ವೋಲ್ಟಿನ ಸಣ್ಣ ಯುಪಿಎಸ್ ಇಟ್ಟುಕೊಳ್ಳಿ. ಕಲ್ಲು ಮಣ್ಣಿನ ದಪ್ಪ ಗೋಡೆಯ ಹಳೆಯ ಮನೆಗಳಲ್ಲಿ 5 ಗಿಗಾಹರ್ಟ್ಸ್ ವೈಫೈ ಪಕ್ಕದ ಕೋಣೆಗೂ ಸರಿಯಾಗಿ ದಾಟದು, 2.4ರದ್ದೇ ಮೇಲು.

ನೂರಾರು ಮೈಲಿ ದೂರದ ಕಾಲ್ ಸೆಂಟರಿಗಿಂತ ಊರಿನ ಸೇವಾದಾರರನ್ನೇ ನಾನು ಮೆಚ್ಚುತ್ತೇನೆ. ಸಂಜೆ ಲೈನು ಹೋದರೆ ಅವರ ಅಂಗಡಿಗೇ ಹೋಗಿ ಮಾತನಾಡಬಹುದು. ಆದರೆ ಪರಿಚಯದವರೆಂದು ಕಾಗದ ಬಿಡಬೇಡಿ. ಶೇಕಡ 18ರ ಜಿಎಸ್‌ಟಿ ತೋರಿಸುವ ಬಿಲ್ಲು, ಬಾಕ್ಸಿಗೆ ಕೊಟ್ಟ ಠೇವಣಿಯ ರಸೀದಿ ಎರಡನ್ನೂ ಕೇಳಿ ಪಡೆಯಿರಿ. ರಿಯಾಯಿತಿಯ ಆಸೆಗೆ ವರ್ಷದ ಹಣವನ್ನು ಒಂದೇ ಸಲ ಕಟ್ಟಬೇಡಿ. ಒಂದು ಮಳೆಗಾಲವನ್ನೂ ಒಂದು ಕೊಯ್ಲನ್ನೂ ಆ ಲೈನು ದಾಟುವವರೆಗೆ ತಿಂಗಳು ತಿಂಗಳೇ ಕಟ್ಟುತ್ತಿರಿ.

ನಮಸ್ಕಾರ.