ಅರ್ಧ ಅನುದಾನದ ಅಧಿಕಾರ: ಕ್ಯಾಲಿಫೋರ್ನಿಯಾದ ಎಬಿ (ಅಸೆಂಬ್ಲಿ ಬಿಲ್) 1506

ಎಲ್ಲರಿಗೂ ನಮಸ್ಕಾರ. ಇಲ್ಲಿ ಕಾನೂನು ಓದುವವರೇ ಹೆಚ್ಚು ಇದ್ದೀರಿ, ಹಾಗಾಗಿ ನೇರವಾಗಿ ಪ್ರಕರಣಕ್ಕೇ ಬರುತ್ತೇನೆ.

2018ರ ಮಾರ್ಚ್ 18ರ ರಾತ್ರಿ, ಕ್ಯಾಲಿಫೋರ್ನಿಯಾದ ರಾಜಧಾನಿ ಸ್ಯಾಕ್ರಮೆಂಟೊದಲ್ಲಿ, ಅಜ್ಜಿಯ ಮನೆಯ ಹಿತ್ತಲಲ್ಲಿದ್ದ ಸ್ಟೆಫಾನ್ ಕ್ಲಾರ್ಕ್ ಎಂಬ 22ರ ಯುವಕನ ಮೇಲೆ ಇಬ್ಬರು ಪೊಲೀಸರು 20 ಗುಂಡು ಹಾರಿಸಿದರು. ಆತ ಸತ್ತ. ಕೈಯಲ್ಲಿ ಬಂದೂಕಿದೆ ಎಂದುಕೊಂಡೆವು ಎಂದರು. ಸಿಕ್ಕಿದ್ದು ಮೊಬೈಲ್ ಫೋನು. ಮರುವರ್ಷ ಮಾರ್ಚ್‌ನಲ್ಲಿ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗದ, ಮುಖ್ಯ ಸರ್ಕಾರಿ ವಕೀಲರಾದ ಡಿಸ್ಟ್ರಿಕ್ಟ್ ಅಟಾರ್ನಿ ಮೊಕದ್ದಮೆ ಹೂಡುವುದಿಲ್ಲ ಎಂದರು. ಕೆಲವೇ ದಿನಗಳಲ್ಲಿ ಇಡೀ ರಾಜ್ಯದ ಮುಖ್ಯ ಕಾನೂನು ಅಧಿಕಾರಿಯಾದ ಅಟಾರ್ನಿ ಜನರಲ್ ಕೂಡ ಅದನ್ನೇ ಹೇಳಿದರು.

ರಾಜ್ಯಮಟ್ಟದಲ್ಲಿ ಪರಿಶೀಲನೆ ಆದರೂ ತೀರ್ಮಾನ ಬದಲಾಗಲಿಲ್ಲ. ಆದರೂ ಇಂಥ ಸಾವಿನ ತನಿಖೆ ರಾಜ್ಯವೇ ಮಾಡಬೇಕೆಂಬ ಜನರ ಒತ್ತಾಯ ನಿಲ್ಲಲಿಲ್ಲ, ಅದಕ್ಕೆ ಕಾರಣವೂ ಇತ್ತು. ಡಿಸ್ಟ್ರಿಕ್ಟ್ ಅಟಾರ್ನಿ ದಿನಬೆಳಗಾದರೆ ಸ್ಥಳೀಯ ಪೊಲೀಸರನ್ನೇ ಸಾಕ್ಷಿಗಳಾಗಿ ನೆಚ್ಚಿಕೊಂಡು ಕೇಸು ನಡೆಸುವವರು. ಅದೇ ಪೊಲೀಸರನ್ನು ಕಟಕಟೆಗೆ ತರುವ ತೀರ್ಮಾನವನ್ನೂ ಅವರಿಗೇ ಬಿಟ್ಟರೆ ಸತ್ತವನ ಮನೆಯವರು ನಂಬುವುದಾದರೂ ಹೇಗೆ?

ಸ್ಯಾಕ್ರಮೆಂಟೊದ ಶಾಸಕ ಕೆವಿನ್ ಮೆಕಾರ್ಟಿ ತಂದ ಎಬಿ 1506 ಮಸೂದೆಗೆ 2020ರ ಸೆಪ್ಟೆಂಬರ್‌ನಲ್ಲಿ ಗವರ್ನರ್ ಸಹಿ ಬಿತ್ತು. ಪೊಲೀಸ್ ಗುಂಡಿಗೆ ನಿರಾಯುಧ ನಾಗರಿಕ ಸತ್ತರೆ ರಾಜ್ಯದ ಅಟಾರ್ನಿ ಜನರಲ್ಲೇ ತನಿಖೆ ಮಾಡಬೇಕು, ಅಪರಾಧ ಕಂಡರೆ ಮೊಕದ್ದಮೆ ಹೂಡಬೇಕು, ಇಲ್ಲದಿದ್ದರೆ ಕಾರಣ ಬರೆದು ವರದಿ ಪ್ರಕಟಿಸಬೇಕು. 2021ರ ಜುಲೈ 1ರಿಂದ ಇದು ಜಾರಿಗೆ ಬಂತು. ಮೊದಲು ಇಷ್ಟವಿದ್ದರೆ ಕೈಹಾಕಬಹುದಾಗಿದ್ದ ಕೆಲಸ ಈಗ ಕರ್ತವ್ಯವಾಯಿತು. ಖರ್ಚು ಶುರುವಾಗುವುದೇ ಇಲ್ಲಿಂದ.

ಅಟಾರ್ನಿ ಜನರಲ್ ಅವರ ಇಲಾಖೆ ಈ ಕೆಲಸಕ್ಕೆ ವರ್ಷಕ್ಕೆ ಸುಮಾರು 2.6 ಕೋಟಿ ಡಾಲರ್ ಕೇಳಿತು. ಸಿಕ್ಕಿದ್ದು ಸುಮಾರು 1.3 ಕೋಟಿ, ಅಂದರೆ ಅರ್ಧ.

ಈ ಹಣ ಎಲ್ಲಿಗೆ ಹೋಗುತ್ತದೆ ನೋಡಿ. ಆರೆಗಾನ್ ಗಡಿಯಿಂದ ಮೆಕ್ಸಿಕೊ ಗಡಿಯವರೆಗಿನ 58 ಕೌಂಟಿಗಳಲ್ಲಿ ಎಲ್ಲೇ ಗುಂಡು ಹಾರಲಿ, ಎಷ್ಟೇ ಹೊತ್ತಿಗೆ ಹಾರಲಿ, ತನಿಖಾಧಿಕಾರಿಗಳು ಹೊರಡಬೇಕು. ಅದಕ್ಕೆ ಉತ್ತರಕ್ಕೊಂದು, ದಕ್ಷಿಣಕ್ಕೊಂದು ತಂಡ ಬೇಕು. ಸತ್ತವನು ನಿರಾಯುಧನೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಕಾನೂನಿಗೆ ಒಳಪಡದ ಪ್ರಕರಣ ಎಂದು ತಿಳಿಯುವುದಕ್ಕೂ ಖರ್ಚಿದೆ. ಆಮೇಲೆ ಪೊಲೀಸರ ಎದೆಯ ಮೇಲಿನ ಕ್ಯಾಮೆರಾದ ದೃಶ್ಯಗಳನ್ನು ಕ್ಷಣಕ್ಷಣವೂ ನೋಡಬೇಕು, ಗುಂಡುಗಳ ಪರೀಕ್ಷೆ, ಮರಣೋತ್ತರ ವರದಿ, ಸಾಕ್ಷಿಗಳ ಹೇಳಿಕೆ ಎಲ್ಲವನ್ನೂ ಓದಬೇಕು. ಅನುಭವಿ ಅಭಿಯೋಜಕರು, ಅಂದರೆ ಸರ್ಕಾರದ ಪರ ಮೊಕದ್ದಮೆ ನಡೆಸುವ ವಕೀಲರು, ಕೂತು ವರದಿ ಬರೆಯಬೇಕು. ಒಬ್ಬರ ಮೇಲೂ ಆರೋಪ ಹೊರಿಸದಿದ್ದರೂ ಈ ಖರ್ಚು ತಪ್ಪುವುದಿಲ್ಲ. ಶಿಕ್ಷೆಯಾದವರ ಸಂಖ್ಯೆ ಹಿಡಿದು ಇಂಥ ಅನುದಾನವನ್ನು ಅಳೆಯುವವರು ಇದನ್ನು ಮರೆಯುತ್ತಾರೆ.

ಕೌಂಟಿಯ ಕೆಲಸ ರಾಜ್ಯಕ್ಕೆ ಹೋಯಿತಲ್ಲ, ಕೌಂಟಿಯಲ್ಲಿ ಅಷ್ಟು ಖರ್ಚು ಉಳಿಯಿತಲ್ಲ ಎನ್ನಬಹುದು. ಹಾಗಾಗುವುದಿಲ್ಲ. ಸ್ಥಳೀಯ ಪೊಲೀಸರ ತನಿಖೆ ಜೊತೆಜೊತೆಗೇ ನಡೆಯುತ್ತದೆ. ಕೌಂಟಿಯ ಕಚೇರಿ ಒಂದು ಹುದ್ದೆಯನ್ನೂ ಸ್ಯಾಕ್ರಮೆಂಟೊಗೆ ಬಿಟ್ಟುಕೊಡುವುದಿಲ್ಲ.

ಹಲವು ಪ್ರಕರಣಗಳ ವರದಿ ಬರಲು ಒಂದು ವರ್ಷಕ್ಕೂ ಹೆಚ್ಚು ಹಿಡಿಯಿತು. ಎಲ್ಲ ವಿಳಂಬಕ್ಕೂ ಹಣದ ಕೊರತೆಯೇ ಕಾರಣ ಎಂದು ನಾನು ಹೇಳುವುದಿಲ್ಲ. ಹೊಸ ಘಟಕ ಕಟ್ಟುವುದೇ ನಿಧಾನದ ಕೆಲಸ. ಆದರೆ ಅಧಿಕಾರ ಪೂರ್ತಿ ಕೊಟ್ಟು ಹಣ ಅರ್ಧ ಕೊಟ್ಟಾಗ ಉಳಿದರ್ಧದ ಭಾರ ಕಾಯುವವರ ಮೇಲೆ ಬೀಳುತ್ತದೆ. ಮಗನನ್ನು ಕಳೆದುಕೊಂಡ ತಾಯಿ ಕಾಯುತ್ತಾಳೆ. ಗುಂಡು ಹಾರಿಸಿದ ಪೊಲೀಸನೂ ತಾನು ಆರೋಪಿಯೋ ಅಲ್ಲವೋ ತಿಳಿಯದೆ ಕಾಯುತ್ತಾನೆ. ಬಜೆಟ್ ಪುಸ್ತಕದಲ್ಲಿ ಈ ಕಾಯುವಿಕೆಗೆ ಲೆಕ್ಕಶೀರ್ಷಿಕೆ ಇಲ್ಲ. ನನ್ನನ್ನು ಕಾಡುವುದು ಅದೇ.

ನಮ್ಮಲ್ಲಿ ವ್ಯವಸ್ಥೆ ಬೇರೆ. ಅವರ ಅಟಾರ್ನಿ ಜನರಲ್ ಜನರಿಂದ ಚುನಾಯಿತರು. ರಾಜ್ಯ ಸರ್ಕಾರದ ಮುಖ್ಯ ವಕೀಲರಾದ ನಮ್ಮ ಅಡ್ವೊಕೇಟ್ ಜನರಲ್ ಸಂವಿಧಾನದ 165ನೇ ವಿಧಿಯಡಿ ರಾಜ್ಯಪಾಲರಿಂದ ನೇಮಕಗೊಂಡವರು. ಕೆಳ ನ್ಯಾಯಾಲಯಗಳಲ್ಲಿ ಕೇಸು ನಡೆಸುವುದು ಅಭಿಯೋಜನಾ ಇಲಾಖೆ. ಆದರೆ ನಮ್ಮ ವಿಧಾನಸಭೆಗೆ ಬರುವ ಮಸೂದೆಗಳ ಕೊನೆಯಲ್ಲೂ ಅದರ ಖರ್ಚೆಷ್ಟು ಎಂದು ಹೇಳುವ ಆರ್ಥಿಕ ಜ್ಞಾಪನ ಪತ್ರ ಇರುತ್ತದೆ, ಹೆಚ್ಚುವರಿ ವೆಚ್ಚ ಇಲ್ಲ ಎಂಬರ್ಥದ ಒಂದೇ ಸಾಲು ಅದರಲ್ಲಿ ಎಷ್ಟೋ ಸಲ ಕಾಣುತ್ತದೆ. ಹೊಸ ಅಪರಾಧ, ಹೊಸ ತನಿಖಾಧಿಕಾರ ಸೃಷ್ಟಿಸುವ ಮಸೂದೆಯಲ್ಲಿ ಆ ಸಾಲು ಕಂಡರೆ ಅಲ್ಲೇ ನಿಲ್ಲಿ. ಎಷ್ಟು ಅಭಿಯೋಜಕರ ಹುದ್ದೆ, ಎಷ್ಟು ಪ್ರಯೋಗಾಲಯದ ಸಿಬ್ಬಂದಿ, ಯಾವ ಲೆಕ್ಕಶೀರ್ಷಿಕೆಯಿಂದ ಸಂಬಳ ಎಂದು ನಿಮ್ಮ ಶಾಸಕರಿಗೆ ಬರೆದು ಕೇಳಿ.

ಈಗ ನಿಮ್ಮ ಪ್ರಶ್ನೆಗಳು.