ಎರಡನೆಯದಕ್ಕೇ ಜೀಪಿಗೆ ಫೋನು

ನಮಸ್ಕಾರ. ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ಟೀಚರು. ನನಗೆ ಫಿಟ್ಸ್ ಇದೆ. ಹತ್ತು ವರ್ಷದ ಹಿಂದೆ ಆಗಿದ್ದರೆ ಈ ಮಾತನ್ನು ಮೈಕಿನ ಮುಂದೆ ಇರಲಿ, ಒಡಹುಟ್ಟಿದ ಅಕ್ಕನ ಹತ್ತಿರವೂ ಹೇಳುತ್ತಿರಲಿಲ್ಲ.

ಫಿಟ್ಸ್ ಅಂದ ಕೂಡಲೇ ಕಣ್ಣ ಮುಂದೆ ಬರುವುದು ಏನು? ಯಾರೋ ನೆಲಕ್ಕೆ ಬಿದ್ದು ಕೈಕಾಲು ಬಡಿಯುವುದು, ಬಾಯಲ್ಲಿ ನೊರೆ, ಅಲ್ವಾ? ನನ್ನದು ಹಾಗಲ್ಲ. ನಾನು ಬೀಳುವುದೇ ಇಲ್ಲ. ಹೊಟ್ಟೆಯೊಳಗಿಂದ ಏನೋ ಎದ್ದು ಗಂಟಲಿಗೆ ಬಂದ ಹಾಗಾಗುತ್ತದೆ. ಜಾತ್ರೆಯ ತೊಟ್ಟಿಲು ಮೇಲಿನಿಂದ ಇಳಿಯುವಾಗ ಆಗುತ್ತದಲ್ಲ, ಹಾಗೆ. ಆಮೇಲೆ ಸುಟ್ಟ ವಾಸನೆ. ಒಲೆಯ ಮೇಲೆ ಏನೂ ಇರುವುದಿಲ್ಲ, ವಾಸನೆ ಮಾತ್ರ ಬರುತ್ತದೆ. ಅಲ್ಲಿಂದ ಮುಂದಿನದು ನನಗೆ ಗೊತ್ತಾಗುವುದಿಲ್ಲ. ಒಂದೇ ಕಡೆ ನೋಡುತ್ತಾ ನಿಂತುಬಿಡುತ್ತೇನಂತೆ. ಬಾಯಿ ಚಪ್ಪರಿಸುತ್ತೇನಂತೆ, ಸೆರಗನ್ನು ಹಿಸುಕುತ್ತೇನಂತೆ. ಕರೆದರೆ ಓಗೊಡುವುದಿಲ್ಲವಂತೆ. ಒಂದು ನಿಮಿಷ, ಒಂದೂವರೆ ನಿಮಿಷ. ಆಮೇಲೆ ಸರಿ. ನನ್ನ ಕಾಯಿಲೆಯ ಕಥೆಯಲ್ಲಿ ಅರ್ಧ ಬರೀ 'ಅಂತೆ'ಯೇ.

ಮೊದಲು ಕಂಡುಹಿಡಿದದ್ದು ಮೂರನೇ ಕ್ಲಾಸಿನ ಮಕ್ಕಳು. "ಟೀಚರು ಬೋರ್ಡಿನ ಮುಂದೆ ಫೋಟೋ ಆಗ್ತಾರೆ" ಅಂತ ಆಡಿಕೊಳ್ಳುತ್ತಿದ್ದವು. ದೊಡ್ಡವರೆಲ್ಲ ಗ್ಯಾಸು ಅಂದರು. ನಾನೂ ಎರಡು ವರ್ಷ ಗ್ಯಾಸಿನ ಮಾತ್ರೆ ನುಂಗಿದೆ. ಕಡೆಗೆ ಆಗುಂಬೆ ಘಾಟಿಯ 14 ತಿರುವು ಇಳಿದು ಮಣಿಪಾಲಕ್ಕೆ ಹೋದೆವು. ಮಿದುಳಿನ ವಿದ್ಯುತ್ತನ್ನು ಗೆರೆಯಾಗಿ ತೋರಿಸುವ ಇಇಜಿ ಆಯಿತು, ಎಂಆರ್‌ಐ ಸ್ಕ್ಯಾನಿಂಗು ಆಯಿತು. ಕಿವಿಯ ಹತ್ತಿರ ಬರುವ ಮಿದುಳಿನ ಭಾಗದಲ್ಲಿ ಒಂದು ಹಳೆಯ ಗಾಯದ ಗುರುತು ಕಂಡಿತು. ಮಿದುಳಿನ ವಿದ್ಯುತ್ತಿನ ಗಲಾಟೆ ಅಷ್ಟು ಜಾಗದಲ್ಲೇ ಉಳಿದರೆ ಇಂಥ ಸಣ್ಣ ಫಿಟ್ಸ್. ಎರಡೂ ಕಡೆಗೆ ಹಬ್ಬಿದರೆ ದೊಡ್ಡದು. ಹಿಂದೆ ಸಣ್ಣದಕ್ಕೆ ಪಾರ್ಷಿಯಲ್ ಸೀಜರ್ ಅನ್ನುತ್ತಿದ್ದರು. 2017ರಲ್ಲಿ ಹೊಸ ಹೆಸರು ಬಂತು, ಫೋಕಲ್ ಸೀಜರ್ ಅಂತ. ಹಳೆಯ ಚೀಟಿಯಲ್ಲಿ ಒಂದು, ಹೊಸ ಚೀಟಿಯಲ್ಲಿ ಇನ್ನೊಂದು ಹೆಸರು ಕಂಡರೆ ಎರಡು ಕಾಯಿಲೆ ಅಂದುಕೊಳ್ಳಬೇಡಿ. ನಮ್ಮತ್ತೆ ಹಾಗೇ ಅಂದುಕೊಂಡು ಒಂದು ಹೊತ್ತು ಊಟ ಬಿಟ್ಟಿದ್ದರು.

ನಾನು ಹೇಳಲು ಬಂದದ್ದು ಒಂದು ಸಲ ಬಂದು ಹೋಗುವ ಫಿಟ್ಸಿನ ವಿಷಯ ಅಲ್ಲ. ಒಂದಾದ ಮೇಲೊಂದು ಬರುವುದರ ವಿಷಯ.

ಐದು ವರ್ಷದ ಹಿಂದಿನ ಮಾತು. ಅಡಿಕೆ ಕೊಯ್ಲು. ನವೆಂಬರಿನಲ್ಲಿ ನಮ್ಮ ಕಡೆ ರಾತ್ರಿ ಅಂದರೆ ಮಲಗುವ ಹೊತ್ತಲ್ಲ, ನಿಮಗೇ ಗೊತ್ತು. ಅಂಗಳದಲ್ಲಿ ಬಲ್ಬು, ಸಾಲಾಗಿ ಮೆಟ್ಟುಗತ್ತಿ, ಅತ್ತ ಹಂಡೆಯಲ್ಲಿ ಅಡಿಕೆ ಬೇಯುತ್ತಿರುತ್ತದೆ. ಆ ವರ್ಷ ಸುಲಿಯುವವರು ಸಿಗಲಿಲ್ಲ. ನಾನೂ ಎರಡು ರಾತ್ರಿ ಒಂದು ಗಂಟೆಯವರೆಗೆ ಕೂತೆ. ನನ್ನದು ಮಲಗುವಾಗ ತೆಗೆದುಕೊಳ್ಳುವ ಮಾತ್ರೆ. ಮಲಗಿದರೆ ತಾನೇ! ಎರಡು ದಿನ ತಪ್ಪಿಹೋಯಿತು.

ಮೂರನೆಯ ರಾತ್ರಿ ಹತ್ತು ಗಂಟೆಗೆ ಒಂದು ಬಂತು. ಮನೆಯವರು ಕತ್ತಿಯ ಮುಂದಿನಿಂದ ಎಬ್ಬಿಸಿ ಜಗಲಿಯಲ್ಲಿ ಕೂರಿಸಿದರು. ಒಂದೇ ನಿಮಿಷ. ಕಾಫಿ ಕುಡಿದೆ, ಮಾತಾಡಿದೆ. ಹನ್ನೊಂದೂವರೆಗೆ ಇನ್ನೊಂದು. ಆಮೇಲೆ ಮತ್ತೊಂದು. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಹೋಗಬೇಕು ಅಂತ ನಮ್ಮವರು ಎಲ್ಲೋ ಓದಿದ್ದರು. ಪ್ರತಿ ಸಲವೂ ಮೊಬೈಲಿನಲ್ಲಿ ಗಡಿಯಾರ ನೋಡಿದರು. ಯಾವುದೂ ಎರಡು ನಿಮಿಷ ದಾಟಲಿಲ್ಲ. ಹಾಗಾದರೆ ಹೆದರುವುದು ಬೇಡ ಅಂದುಕೊಂಡರು. ಪಾಪ, ಒಂದೊಂದು ಎಷ್ಟು ಹೊತ್ತು ಅಂತ ಅಳೆಯುತ್ತಿದ್ದರು. ಎಷ್ಟು ಬಂತು ಅಂತ ಎಣಿಸಬೇಕು ಅಂತ ಹೊಳೆಯಲೇ ಇಲ್ಲ.

ಐದನೆಯದೋ ಆರನೆಯದೋ ಆದಮೇಲೆ ನಾನು ಮೊದಲಿನ ಹಾಗೆ ಆಗಲಿಲ್ಲ. ಕೇಳಿದ್ದಕ್ಕೆಲ್ಲ "ಹೂಂ" ಅನ್ನುತ್ತಿದ್ದೆನಂತೆ. ಮಗಳ ಹೆಸರೇನು ಅಂದರೂ ಹೂಂ. ನಿದ್ದೆಗಣ್ಣು ಅಂತ ಬಿಟ್ಟರು. ನಾಲ್ಕು ಗಂಟೆಗೆ ಇಡೀ ಮೈ ಸೆಟೆದು ದೊಡ್ಡದು ಬಂತು. ನಮ್ಮ ಮನೆಯಲ್ಲಿ ಸಿಗ್ನಲ್ ಇಲ್ಲ. ಮೈದುನ ಗುಡ್ಡಕ್ಕೆ ಓಡಿ ಜೀಪಿಗೆ ಫೋನು ಮಾಡಿದ. ಶಿವಮೊಗ್ಗ ಮುಟ್ಟುವಾಗ ಬೆಳಕು ಹರಿದಿತ್ತು.

ಅಲ್ಲಿ ಡಾಕ್ಟರು ಕೇಳಿದ್ದು ಮೂರೇ ಪ್ರಶ್ನೆ. ಮೊದಲನೆಯದು ಎಷ್ಟು ಗಂಟೆಗೆ ಬಂತು? ಒಟ್ಟು ಎಷ್ಟು? ನಡುನಡುವೆ ಪೂರ್ತಿ ಸರಿಯಾಗಿದ್ದರಾ? ನಮ್ಮವರು ನನ್ನ ಮುಖ ನೋಡಿದರಂತೆ. ನಾನೇನು ಹೇಳಲಿ!

ಆ ಮೂರನೆಯ ಪ್ರಶ್ನೆ ಇದೆಯಲ್ಲ, ಅದರಲ್ಲೇ ಎಲ್ಲ ಇರುವುದು. ಎರಡು ಫಿಟ್ಸಿನ ನಡುವೆ ಮನುಷ್ಯ ಪೂರ್ತಿ ತನ್ನ ಸ್ಥಿತಿಗೆ ಬರಬೇಕು. ಸ್ವಲ್ಪ ಹೊತ್ತು ಸುಸ್ತು, ಮಂಕು ಇರುವುದು ಮಾಮೂಲು. ಆದರೆ ಸರಿಹೋಗುವ ಮೊದಲೇ ಇನ್ನೊಂದು ಬಂದರೆ ಎಣಿಸುತ್ತಾ ಕೂರುವ ಹಾಗೇ ಇಲ್ಲ, ಹೊರಟುಬಿಡಬೇಕು. ಹೊರಗೆ ಕೈಕಾಲು ಆಡದಿದ್ದರೂ ಒಳಗೆ ಫಿಟ್ಸ್ ನಡೆಯುತ್ತಲೇ ಇರಬಹುದು. ನನ್ನ "ಹೂಂ" ಅಂಥದ್ದೇ ಇದ್ದಿರಬೇಕು. ಈಗ ನಮ್ಮ ಮನೆಯವರು ಹೂಂಗುಟ್ಟುವ ಪ್ರಶ್ನೆ ಕೇಳುವುದಿಲ್ಲ. "ಇವತ್ತು ಯಾವ ವಾರ? ಮಧ್ಯಾಹ್ನ ಏನು ಹುಳಿ ಮಾಡಿದ್ದೆ?" ಅಂತ ಕೇಳುತ್ತಾರೆ.

ಎಣಿಕೆಯ ವಿಷಯಕ್ಕೆ ಬರುತ್ತೇನೆ. 24 ಗಂಟೆಯಲ್ಲಿ ಮೂರು ಅಥವಾ ಜಾಸ್ತಿ ಬಂದರೆ ಅದನ್ನು ಡಾಕ್ಟರುಗಳು ಸಾಮಾನ್ಯವಾಗಿ ಕ್ಲಸ್ಟರ್ ಅನ್ನುತ್ತಾರೆ. ಕನ್ನಡದಲ್ಲಿ ಗೊಂಚಲು ಅನ್ನಬಹುದೇನೋ. ಆದರೆ ಈ ಮೂರು ಎನ್ನುವುದು ಎಲ್ಲರಿಗೂ ಒಂದೇ ಅಳತೆ ಅಲ್ಲ. ದಿನಕ್ಕೆ ಎರಡು ಬರುವವರಿದ್ದಾರೆ, ಅವರಿಗೆ ಅದೇ ಮಾಮೂಲು. ನನಗೆ ಬರುವುದೇ ತಿಂಗಳಿಗೊಂದು. ಒಂದೇ ಸಂಜೆ ಎರಡು ಬಂದರೆ ನನ್ನ ಮಟ್ಟಿಗೆ ಅದೇ ಜಾಸ್ತಿ. ಹಾಗಾಗಿ "ನಮ್ಮ ಲೆಕ್ಕ ಎಷ್ಟು?" ಅಂತ ನಿಮ್ಮ ಡಾಕ್ಟರ ಹತ್ತಿರ ಕೇಳಿ. ಅದೂ ಆರಾಮಾಗಿರುವ ದಿನ ಕೇಳಿ. ಹೇಳಿದ್ದನ್ನು ಅವರ ಕೈಯಲ್ಲೇ ಬರೆಸಿಕೊಂಡು ಬನ್ನಿ.

ನಮ್ಮ ಚೀಟಿ ಅಡಿಗೆಮನೆ ಬಾಗಿಲ ಹಿಂದೆ ಅಂಟಿಸಿದೆ. ಪಕ್ಕದಲ್ಲಿ ಕ್ಯಾಲೆಂಡರು, ದಾರಕ್ಕೆ ಕಟ್ಟಿದ ಪೆನ್ನು. ಒಂದು ಬಂದರೆ ಗಂಟೆ ಬರೆಯುವುದು, ಅಷ್ಟೇ. ಜೊತೆಗೆ ಮಾತ್ರೆ ತೆಗೆದುಕೊಂಡೆನೋ ಇಲ್ಲವೋ ನೋಡುವುದು. ಎರಡನೆಯದು ಬಂದರೆ ಮೂಗಿಗೆ ಫಿಟ್ಸ್ ತಡೆಯುವ ಮಿಡಜೋಲಮ್ ಸ್ಪ್ರೇ. ಎಷ್ಟು ಸಲ ಒತ್ತಬೇಕು ಅಂತ ಡಾಕ್ಟರೇ ಬರೆದಿದ್ದಾರೆ. ಕೆಲವರಿಗೆ ಸ್ಪ್ರೇ ಬದಲು ಕ್ಲೋಬಜಾಮ್ ಮಾತ್ರೆ ಕೊಡುತ್ತಾರೆ. ಅದನ್ನು ಪೂರ್ತಿ ಎಚ್ಚರ ಇದ್ದು ನುಂಗಲು ಬರುವಾಗಲೇ ಕೊಡಬೇಕು. ಇವೆಲ್ಲ ನಿದ್ದೆ ಬರಿಸುವ ಔಷಧಿ. ಜಾಸ್ತಿಯಾದರೆ ಉಸಿರು ನಿಧಾನವಾಗುತ್ತದೆ. ಪಕ್ಕದ ಮನೆಯವರದ್ದು ಇಸಿದುಕೊಂಡು ಹಾಕುವುದಂತೂ ಬೇಡವೇ ಬೇಡ. ಹಾಕಿದ ಮೇಲೆ ಒಬ್ಬರು ಹತ್ತಿರ ಕೂತು ಉಸಿರು ನೋಡುತ್ತಿರಬೇಕು.

ಸ್ಪ್ರೇ ಆದ ಕೂಡಲೇ ಜೀಪಿಗೆ ಫೋನು. ಎರಡನೆಯದಕ್ಕೇ! ಇದು ಡಾಕ್ಟರ ಲೆಕ್ಕ ಅಲ್ಲ, ಮಲೆನಾಡಿನ ಲೆಕ್ಕ. ಪುಸ್ತಕದಲ್ಲಿರುವುದು ಹೀಗೆ: ಮೈಯೆಲ್ಲ ಸೆಟೆಯುವ ಫಿಟ್ಸ್ ಐದು ನಿಮಿಷ ದಾಟಿದರೆ ತುರ್ತು, ನನ್ನ ಥರದ್ದು ಹತ್ತು ನಿಮಿಷ ದಾಟಿದರೆ ತುರ್ತು. ಅದು ಪೇಟೆಯವರಿಗೆ ಸರಿ. ನಮ್ಮಲ್ಲಿ ಗುಡ್ಡ ಹತ್ತಿ ಫೋನು ಮಾಡುವುದಕ್ಕೇ ಹತ್ತು ನಿಮಿಷ ಹೋಗುತ್ತದೆ. ಜೀಪು ಬರಲು ಅರ್ಧ ಗಂಟೆ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಕಾಲುಸಂಕ ದಾಟಿಸಿ ಆ ಕಡೆ ಕರೆದುಕೊಂಡು ಹೋಗಬೇಕು. ಹಾಗಾಗಿ ನಾವು ಐದಕ್ಕೂ ಕಾಯುವುದಿಲ್ಲ. 108ಕ್ಕೂ ಹೇಳುತ್ತೇವೆ. ಯಾರ ಗಾಡಿ ಮೊದಲು ಬರುತ್ತದೋ ಅದಕ್ಕೆ ಹತ್ತುವುದು. ಮೂರನೆಯದು ಬಂದರೆ ಯಾರನ್ನೂ ಕೇಳುವುದಿಲ್ಲ, ನನ್ನನ್ನೂ! "ನಾನು ಸರಿ ಇದ್ದೀನಿ ಮಾರಾಯ್ರೆ, ಬೇಡ" ಅಂತ ನಾನು ಅಂದೇ ಅನ್ನುತ್ತೇನೆ. ಆ ಹೊತ್ತಿನ ನನ್ನ ಮಾತಿಗೆ ಬೆಲೆ ಇಲ್ಲ ಅಂತ ಚೀಟಿಯಲ್ಲೇ ಬರೆದು ನಾನೇ ಸಹಿ ಹಾಕಿದ್ದೇನೆ.

ಎಣಿಸದೆ ಹೊರಡಬೇಕಾದವೂ ಇವೆ. ಜೀವನದಲ್ಲಿ ಮೊದಲ ಸಲ ಫಿಟ್ಸ್ ಬಂದಾಗ. ತುಟಿ ನೀಲಿಯಾಗಿ ಉಸಿರಾಟ ಸರಿಯಾಗದಿದ್ದಾಗ. ತಲೆಗೆ ಪೆಟ್ಟು ಬಿದ್ದಾಗ, ನೀರಿನಲ್ಲಿ ಬಂದಾಗ. ಬಸುರಿಗೆ ಬಂದಾಗ. ಒಂದು ಕಡೆಯ ಕೈಕಾಲು ಸೋತರೂ ಅಷ್ಟೇ. ಫಿಟ್ಸ್ ಆದಮೇಲೆ ಸ್ವಲ್ಪ ಹೊತ್ತು ಹಾಗಾಗುವುದುಂಟು, ಆದರೆ ಅದು ಲಕ್ವವೋ ಅಲ್ಲವೋ ಅಂತ ಜಗಲಿಯಲ್ಲಿ ಕೂತು ತೀರ್ಮಾನ ಮಾಡಲು ಆಗುವುದಿಲ್ಲ. ಇನ್ನೊಂದು, ಜ್ವರದ ಜೊತೆಗೆ ಬಂದರೆ. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದೇ ನಮ್ಮ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ಕೆಲವರಿಗೆ ಅದು ಮಿದುಳಿಗೂ ತಟ್ಟುತ್ತದೆ. ಕಾಡಿಗೆ ಹೋಗಿ ಬಂದವರಿಗೆ ಜ್ವರ, ಅದರ ಮೇಲೆ ಫಿಟ್ಸ್ ಅಂದರೆ ಕಷಾಯ ಕುಡಿಸಿ ನೋಡುವ ಹೊತ್ತಲ್ಲ ಅದು.

ಬಂದಾಗ ಪಕ್ಕದವರು ಏನು ಮಾಡಬೇಕು? ಹೆಚ್ಚೇನಿಲ್ಲ. ನನ್ನನ್ನು ಬಿಗಿಯಾಗಿ ಹಿಡಿಯಬೇಡಿ. ಹಿಡಿದರೆ ಕೊಸರಿಕೊಂಡು ಹೊಡೆದುಬಿಡಬಹುದು, ಹೊಡೆದದ್ದು ನನಗೆ ಗೊತ್ತೂ ಆಗುವುದಿಲ್ಲ. ಬೆಂಕಿ, ಬಾವಿ, ಕತ್ತಿ, ಇವುಗಳಿಂದ ಮೆಲ್ಲಗೆ ಆಚೆ ತಿರುಗಿಸಿ. ಬಿದ್ದು ಮೈ ಸೆಟೆದರೆ ತಲೆಯ ಕೆಳಗೆ ಮೆತ್ತಗೆ ಏನಾದರೂ ಇಡಿ. ಸೆಟೆಯುವುದು ನಿಂತ ಮೇಲೆ ಮಗ್ಗುಲಿಗೆ ಮಲಗಿಸಿ. ಬಾಯಿಗೆ ನೀರೂ ಬೇಡ, ಚಮಚವೂ ಬೇಡ. ಕೈಗೆ ಕಬ್ಬಿಣ, ಮೂಗಿಗೆ ಈರುಳ್ಳಿ, ಚಪ್ಪಲಿ, ಇವೆಲ್ಲ ಆಗಿವೆ ನನಗೆ. ಒಂದು ನಿಮಿಷಕ್ಕೆ ತಾನಾಗಿಯೇ ನಿಲ್ಲುವುದಕ್ಕೆ ಚಪ್ಪಲಿಗೆ ಹೆಸರು ಬಂತು ಅಷ್ಟೇ.

ಕ್ಯಾಲೆಂಡರಿನಲ್ಲಿ ಒಂದು ವರ್ಷ ಬರೆದ ಮೇಲೆ ನನ್ನ ಗೊಂಚಲಿನ ಗುಟ್ಟು ಗೊತ್ತಾಯಿತು. ಮಾತ್ರೆ ತಪ್ಪಿದ ದಿನ, ನಿದ್ದೆಗೆಟ್ಟ ರಾತ್ರಿ, ಮುಟ್ಟಿನ ಹಿಂದುಮುಂದಿನ ಎರಡು ದಿನ. ಈ ಮೂರರಲ್ಲಿ ಎರಡು ಕೂಡಿದರೆ ಬಂದೇ ಬರುತ್ತದೆ. ಕೆಲವರಿಗೆ ವಾಂತಿಭೇದಿಯಾಗಿ ಮಾತ್ರೆ ಮೈಗೆ ಹತ್ತದೆ ಬರುತ್ತದೆ. ಶೀತಕ್ಕೆ ಅಂಗಡಿಯಿಂದ ತಂದ ಮಾತ್ರೆ, ಬೇರೆ ಕಾಯಿಲೆಗೆ ಕೊಟ್ಟ ಆಂಟಿಬಯೋಟಿಕ್ ಕೂಡ ಕೆಲವೊಮ್ಮೆ ಕೆಡಿಸುತ್ತವೆ. ಯಾವ ಡಾಕ್ಟರ ಹತ್ತಿರ ಹೋದರೂ ಫಿಟ್ಸಿನ ಮಾತ್ರೆಯ ಹೆಸರು ಹೇಳಿ. ಒಂದು ಹೊತ್ತು ತಪ್ಪಿದರೆ ಏನು ಮಾಡಬೇಕು ಅಂತಲೂ ಮೊದಲೇ ಕೇಳಿಟ್ಟುಕೊಳ್ಳಿ. ಸುಮ್ನೆ ಎರಡನ್ನೂ ಒಟ್ಟಿಗೆ ನುಂಗಬೇಡಿ. ಜೂನಿನ ಮೊದಲು ನಾನು ಒಂದೂವರೆ ತಿಂಗಳ ಮಾತ್ರೆ ತಂದಿಡುತ್ತೇನೆ. ಮಳೆಯನ್ನು ನಂಬಲಿಕ್ಕಾಗುವುದಿಲ್ಲ.

ಬಚ್ಚಲಿನ ಚಿಲಕ ತೆಗೆಸಿದ್ದೇವೆ. ಹೊರಗೆ ಟವೆಲ್ ನೇತಾಡುತ್ತಿದ್ದರೆ ಒಳಗೆ ಜನ ಇದ್ದಾರೆ ಅಂತ. ಮೊದಮೊದಲು ನೆಂಟರಿಗೆ ಗೊತ್ತಾಗದೆ ಫಜೀತಿಯಾಗಿತ್ತು, ಇರಲಿ.

ಈಗಲೂ ಅಡಿಕೆ ಸುಲಿಯುತ್ತೇವೆ. ನಾನು ಹಗಲು ಆರಿಸುವ ಕೆಲಸಕ್ಕೆ ಕೂರುತ್ತೇನೆ, ರಾತ್ರಿ ಒಂಬತ್ತೂವರೆಗೆ ಹಾಸಿಗೆ. ಹೋದ ವರ್ಷ ಆ ಕಾಲದಲ್ಲೇ ಒಂದು ಸಂಜೆ ಏಳಕ್ಕೆ ಒಂದು ಬಂತು, ಎಂಟೂಮುಕ್ಕಾಲಿಗೆ ಇನ್ನೊಂದು. ಸ್ಪ್ರೇ ಹಾಕಿದರು. ಮೈದುನ ಗುಡ್ಡ ಹತ್ತಿದ. ಒಂಬತ್ತೂಕಾಲಿಗೆ ಜೀಪು ಅಂಗಳದಲ್ಲಿತ್ತು. ನಮ್ಮವರು ಯಾವ ವಾರ ಅಂತ ಕೇಳಿದರು, ಗುರುವಾರ ಅಂದೆ. ಏನು ಹುಳಿ ಅಂದರು, ಸೌತೆಕಾಯಿ ಅಂದೆ. ಹತ್ತಾಯಿತು, ಹನ್ನೊಂದಾಯಿತು. ಮೂರನೆಯದು ಬರಲಿಲ್ಲ. ಜೀಪಿನವರು ಜಗಲಿಯಲ್ಲೇ ಊಟ ಮಾಡಿ, ಎರಡು ಗಂಟೆಯವರೆಗೆ ಅಡಿಕೆ ಸುಲಿದುಕೊಟ್ಟು, ಒಂದು ಬಾಳೆಗೊನೆ ಹಾಕಿಕೊಂಡು ಹೋದರು.

ನಮಸ್ಕಾರ.